‘ಅವರು’ ಎಂದು ಬರೆದವಳು ನಾನು

ಅನ್ನು, ನಿನ್ನ ಅಮ್ಮ ಮಾತಿಗೆ ತಪ್ಪಲಿಲ್ಲ. ತಪ್ಪಿದಳೆಂದು ನೀನು ನಾಲ್ಕು ವರ್ಷದಿಂದ ನಂಬಿದ್ದೀ, ಹಾಗೆ ನಂಬಿಯೇ ಮನೆ ಬಿಟ್ಟೆ — ನಂಬುವಂತೆ ಮಾಡಿದವಳು ನಾನು. ನೀನು ಕಂಪ್ಯೂಟರಿನಲ್ಲಿ ಮಾಡಿದ ಆಟದಲ್ಲಿ ಜೋ ಹೆಣ್ಣು. ನಿನ್ನ ಅಮ್ಮ ಓದಿದ ಆಟದಲ್ಲಿ ಜೋ ಗಂಡು. ನಿನ್ನ ಹಿಂದಿಯನ್ನು ಅವಳಿಗಾಗಿ ಕನ್ನಡ ಮಾಡಿಕೊಟ್ಟವಳು ನಾನು. ಒಂದು ಪದವನ್ನು ಬದಲಿಸಿದೆ — ಬದಲಿಸಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಆರಿಸಿಕೊಂಡೆ. ತಿಳಿದೂ ತಿಳಿದೂ ಆರಿಸಿಕೊಂಡೆ.

ಇದನ್ನು ಹಿಂದಿಯಲ್ಲಿ ಬರೆದಿದ್ದರೆ ನಿನಗೆ ಸುಲಭವಾಗುತ್ತಿತ್ತು. ಕನ್ನಡವನ್ನು ನೀನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೀ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತೀ, ಗೊತ್ತು. ಆದರೆ ತಪ್ಪು ನಡೆದದ್ದು ಕನ್ನಡದಲ್ಲಿ; ಒಪ್ಪಿಕೊಳ್ಳುವುದೂ ಅದರಲ್ಲೇ ಆಗಬೇಕು. ನಿಧಾನವಾಗಿ ಓದು. ಬೇರೆಯವರ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ — ನಡುವೆ ಒಬ್ಬರು ಬಂದು ಕೂತಿದ್ದರಿಂದಲೇ ಇಷ್ಟೆಲ್ಲ ಆಯಿತು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನನ್ನ ಸ್ವಭಾವ ನೀನು ಬಲ್ಲೆ. ಮೊದಲಿನಿಂದ ಸಾಲಾಗಿ ಬರೆಯದಿದ್ದರೆ ನಾನು ಎಲ್ಲೋ ಒಂದು ಕಡೆ ನುಣುಚಿಕೊಳ್ಳುತ್ತೇನೆ.

ಕಾಶಿಯ ಕೇದಾರ ಘಾಟ್‌ನ ಹಿಂದಿನ ಗಲ್ಲಿಯ ಮನೆ. ಕೆಳಗೆ ನಾವು — ಊರ ಕಡೆಯಿಂದ ಬಂದವರಿಗೆ ಪಿಂಡ, ತರ್ಪಣ ಮಾಡಿಸುವ ನನ್ನ ಅಪ್ಪ, ಅಮ್ಮ, ನಾನು. ಮೇಲೆ ನೀನು ಮತ್ತು ನಿನ್ನ ಅಮ್ಮ, ನನ್ನ ಬಾಯಲ್ಲಿ ಕಾಕು. ನಿನ್ನ ಅಪ್ಪ ಮಠದಲ್ಲಿ ಕಾರಕೂನರಾಗಿದ್ದವರು. ಅವರು ತೀರಿಕೊಂಡ ಮೇಲೆ ಕಾಕು ವಿಜಾಪುರ, ಕಲಬುರ್ಗಿ ಕಡೆಯಿಂದ ಬರುವ ಯಾತ್ರಿಕರಿಗೆ ಜೋಳದ ರೊಟ್ಟಿ ಬಡಿದು ನಿನ್ನನ್ನು ಓದಿಸಿದಳು. ನಮ್ಮಿಬ್ಬರಿಗೂ ಕಾಶಿಯ ದೇವಿಯರ ಹೆಸರು. ನೀನು ಅನ್ನಪೂರ್ಣ, ನಾನು ವಿಶಾಲಾಕ್ಷಿ. ಇಬ್ಬರೂ ಕಲಿತದ್ದು ಹಿಂದಿ ಶಾಲೆಯಲ್ಲಿ. ನನಗೆ ಕನ್ನಡ ಓದಲು, ಬರೆಯಲು ಬಂದದ್ದು ಅಪ್ಪನ ಕೆಲಸದಿಂದ. ಬಂದವರ ಹೆಸರು, ಗೋತ್ರ, ಮೂರು ತಲೆಮಾರಿನ ಸತ್ತವರ ಹೆಸರು ಬರೆದುಕೊಳ್ಳಲು ಅಪ್ಪನಿಗೆ ಒಬ್ಬರು ಬೇಕಿತ್ತು. “ಅಕ್ಷರ ತಪ್ಪಿದ್ರ ಪಿಂಡ ಮಂದಿ ಮನೀಗೆ ಹೋಗ್ತದ ನೋಡವಾ” ಎನ್ನುತ್ತಿದ್ದರು. ಸತ್ತವರ ಹೆಸರಿನಲ್ಲಿ ನಾನು ಎಂದೂ ಅಕ್ಷರ ತಪ್ಪಲಿಲ್ಲ. ಬದುಕಿದ್ದವರ ವಿಷಯದಲ್ಲಿ —

ಆಟದ ಮಾತಿಗೆ ಬರುತ್ತೇನೆ.

ನಾನು ಭೇಲೂಪುರದ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ ವರ್ಷ ನೀನು ಅದನ್ನು ಶುರು ಮಾಡಿದೆ. ಹಳೆಯ ಲ್ಯಾಪ್‌ಟಾಪು, ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡ ಸಾಫ್ಟ್‌ವೇರು. ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ಬೆರಳಿಟ್ಟರೆ ಮುಂದಿನ ಮಾತು. ಅಲ್ಲಲ್ಲಿ ಎರಡು ದಾರಿ ತೋರಿಸಿ ಯಾವುದು ಬೇಕು ಎಂದು ಕೇಳುತ್ತದೆ. ಕಥೆ ಅಮೆರಿಕದ ಪಡುವಲಿನದು — ಕುದುರೆ, ಹ್ಯಾಟು, ಕೆಂಪು ಧೂಳಿನ ಒಂದು ಸಣ್ಣ ಊರು. ಅಲ್ಲಿ ಬ್ರೆಡ್ಡಿನ ಅಂಗಡಿ ನಡೆಸುವ ಮೇರಿ. ದನ ಹೊಡೆದುಕೊಂಡು ಊರೂರು ಅಲೆಯುತ್ತ ಒಂದು ಸಂಜೆ ಅಲ್ಲಿಗೆ ಬಂದಿಳಿಯುವ ಜೋ. ಗುಂಡು ಹಾರದ ಕೌಬಾಯ್ ಕಥೆ ಎಂದು ನಾನು ನಕ್ಕಿದ್ದೆ. ನಿನ್ನ ಊರಿನಲ್ಲಿ ಇದ್ದ ಒಂದೇ ಬಂದೂಕಿನ ಮೇಲೆ ಮೇರಿ ಒದ್ದೆ ಟವೆಲ್ ಒಣಹಾಕುತ್ತಿದ್ದಳು. ಕುದುರೆ ನೋಡಬೇಕೆಂದು ನೀನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಬಿಳಿ ಕುದುರೆಯ ಹತ್ತಿರ ಹೋಗಿ ಕೂತು ಬರೆದುಕೊಂಡು ಬಂದೆ; ಅದಕ್ಕೇ ಜೋ ಏರುವ ಕುದುರೆಗೆ ಕಣ್ಣಿಗೆ ಕಾಡಿಗೆ, ನಡಿಗೆಯಲ್ಲಿ ಮದುಮಗನನ್ನು ಹೊತ್ತ ಬಿಂಕ. ದನಗಳಂತೂ ನಮ್ಮ ಗಲ್ಲಿಯವೇ.

ಹೆಸರು ಇಟ್ಟದ್ದೂ ನೀನೇ, ‘ಮೇರಿ ಜೋ’. ಓದಿದವರಿಗೆ ಇಬ್ಬರು ಹೆಂಗಸರ ಹೆಸರು. ಹಿಂದಿಯ ಕಿವಿಗೆ ‘ನನ್ನವಳು ಯಾರೋ ಅವಳು’. ಇಲ್ಲಿ ಮಾತಾಡುವಾಗ ನಾವೆಲ್ಲ ಒಬ್ಬರಿದ್ದರೂ ‘ನಾವು’ ಸೇರಿಸಿ ‘ಹಮ್ ಜಾ ರಹೇ ಹೈಂ’ ಎನ್ನುವವರೇ, ಹುಡುಗ ಹುಡುಗಿ ಎಂಬ ಭೇದವಿಲ್ಲ. ಆದರೆ ಜೋ ಬಾಯಲ್ಲಿ ನೀನು ಹಠ ಹಿಡಿದು ‘ಮೈಂ ಆಯೀ’, ‘ಮೈಂ ರುಕೂಂಗೀ’ ಎಂದು ಹೆಣ್ಣಿನ ‘ಈ’ಕಾರ ಹಚ್ಚಿಯೇ ಬರೆದೆ. ಅವಳು ಬಾಯಿ ತೆರೆದರೆ ಸಾಕು, ಹೆಣ್ಣೆಂದು ತಿಳಿಯಬೇಕು.

ಜೋ ಯಾರೆಂದು ನನಗೆ ಎರಡನೆಯ ದೃಶ್ಯಕ್ಕೇ ಗೊತ್ತಾಗಿತ್ತು. ಜೋ ಸಂಜೆಗೊಮ್ಮೆ ದನ ಎಣಿಸಿ, ನನ್ನ ದಿನಚರಿಯ ಹಾಗೆ ತಾರೀಖು ಹಾಕಿ ಬರೆದಿಡುತ್ತಾಳೆ. ಬ್ರೆಡ್ಡಿನ ಸುತ್ತಲಿನ ಗಟ್ಟಿ ಅಂಚನ್ನು ಮೊದಲು ತಿಂದು, ನಡುವಿನ ಮೆತ್ತನೆಯದನ್ನು ಕೊನೆಗೆ ಉಳಿಸಿಕೊಳ್ಳುತ್ತಾಳೆ. ರೊಟ್ಟಿಯನ್ನು ಹಾಗೆ ತಿನ್ನುವವಳು ನಿಮ್ಮ ಮನೆಯಲ್ಲಿ ಒಬ್ಬಳೇ. ಅದಕ್ಕೆ ಕಾಕು ನನ್ನನ್ನು ‘ಇಲಿ’ ಎಂದು ಕರೆಯುತ್ತಿದ್ದಳು.

ಚಳಿಗಾಲದ ಒಂದು ಮಧ್ಯಾಹ್ನ, ತಾರಸಿಯ ಬಿಸಿಲಿನಲ್ಲಿ, ನೀನು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟು ಕೊನೆಯ ದೃಶ್ಯ ತೋರಿಸಿದೆ. ಮೇರಿ ಬಾಗಿಲಲ್ಲಿ ನಿಂತಿದ್ದಾಳೆ. ಜೋ ಕಾಲು ಜೀನಿನ ರಿಕಾಬಿನಲ್ಲಿದೆ. ಎರಡು ದಾರಿ: ಹೋಗು, ಉಳಿ. ನೀನು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದೆ. ನಾನು ‘ಉಳಿ’ ಒತ್ತಿದೆ. ಹೆಗಲಿಗೆ ಹೆಗಲು ತಾಗಿಸಿಕೊಂಡು ಬಿಸಿಲು ಸರಿಯುವವರೆಗೆ ಕೂತಿದ್ದೆವು. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು, ಗಂಗೆಯ ಮೇಲೆ ಎಷ್ಟು ದೋಣಿ ಕಂಡವು ಎಂದು. ನಿನ್ನ ಹೆಗಲ ಬಿಸಿ ಬರೆಯಲು ನನ್ನಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

ಆಮೇಲೆ ನೀನು ಕೇಳಿದೆ — ಅದು ಕೇಳಿಕೆಯೋ, ಕೈಗೊಪ್ಪಿಸಿದ್ದೋ. ಅಮ್ಮನಿಗಾಗಿ ಆಟವನ್ನು ಕನ್ನಡ ಮಾಡಿಕೊಡು ಎಂದೆ. ಕಾಕುವಿನ ಹಿಂದಿ ತರಕಾರಿ ಗಾಡಿಯವನವರೆಗೆ ಮಾತ್ರ, ಓದುವುದು ಕನ್ನಡವೊಂದೇ.

“ನನ್ನ ಬಾಯಿಂದ ಹೇಳೂದು ಆಗಂಗಿಲ್ಲ ವಿಶು. ಪೆಹಲೇ ಆಕೀಗೆ ಜೋ ಪಸಂದ್ ಆಗ್ಲಿ. ಜೋ ಮ್ಯಾಲೆ ಜೀವಾ ಬರ್ಲಿ. ಫಿರ್ ನಾ ನನ್ನ ಮಾತು ಹೇಳ್ತೀನಿ.”

ಎಷ್ಟು ಒಳ್ಳೆಯ ಯೋಚನೆಯಾಗಿತ್ತು. ತಾಯಿಯ ಎದುರಿಗೆ ಮೊದಲು ಒಂದು ಕಥೆ ಇಟ್ಟು, ಆ ಕಥೆಯ ಹೆಣ್ಣಿನ ಮೇಲೆ ಅವಳಿಗೆ ಪ್ರೀತಿ ಹುಟ್ಟಿಸಿ, ಆಮೇಲೆ ಮಗಳನ್ನು — ನೀನು ಆ ಒಂದು ಸೇತುವೆಗಾಗಿ ಒಂದು ವರ್ಷ ಚಿತ್ರ ಬರೆದಿದ್ದೆ.

ನಾನು ಅನುವಾದಕ್ಕೆ ಕೂತೆ. ಮೊದಲ ದಿನವೇ ಕೈ ನಿಂತಿತು. ಹಿಂದಿಯಲ್ಲಿ ಮುಚ್ಚಿಡಲಾಗದ್ದನ್ನು ಕನ್ನಡದಲ್ಲಿ ಮುಚ್ಚಿಡಬಹುದು ಎಂದು ಆಗ ಹೊಳೆಯಿತು. ‘ಮೈಂ ಆಯೀ’ ನಮ್ಮಲ್ಲಿ ಬರೀ ‘ಬಂದೆ’. ಬಂದದ್ದು ಗಂಡೋ ಹೆಣ್ಣೋ ಆ ಪದ ಹೇಳುವುದಿಲ್ಲ. ಜೋ ಎಷ್ಟು ಮಾತಾಡಿದರೂ ಸಿಕ್ಕಿಬೀಳುವುದಿಲ್ಲ. ಉಳಿದದ್ದು ಬೇರೆಯವರು ಜೋ ಬಗ್ಗೆ ಆಡುವ ಮಾತು. ಅಲ್ಲಿ ‘ಅವಳು’ ಎಂದು ಬರೆಯಬೇಕಿತ್ತು. ನಾನು ‘ಅವರು’ ಎಂದು ಬರೆದೆ. ‘ಅವರು ಬಂದರಾ?’ ‘ಅವರಿಗೆ ಬ್ರೆಡ್ಡು ಎತ್ತಿಟ್ಟಿದ್ದೇನೆ.’ ‘ಅವರಿಲ್ಲದೆ ಈ ಊರು ಊರಲ್ಲ.’ ಕಮ್ಮಾರ ಒಂದು ಕಡೆ ‘ಏ ಲಡಕೀ’, ಏ ಹುಡುಗಿ, ಎಂದು ಕೂಗುತ್ತಾನೆ; ಅದನ್ನು ‘ಏ ಪರದೇಶಿ’ ಮಾಡಿದೆ. ಬ್ರೆಡ್ಡಿನ ಅಂಚಿನ ಮಾತನ್ನು ತೆಗೆದೇ ಹಾಕಿದೆ. ಎಲ್ಲವನ್ನೂ ಎಣಿಸುವ ನಾನು ಇದನ್ನೂ ಎಣಿಸಿದ್ದೆ: ಎಪ್ಪತ್ತೆಂಟು ‘ಅವರು’. ದಿನಚರಿಯಲ್ಲಿ ಮಾತ್ರ ಬರೆಯಲಿಲ್ಲ. ‘ಅನುವಾದ ಮುಗಿಯಿತು’ ಎಂದಷ್ಟೇ ಬರೆದೆ. ನೀನು ಜೋಗೆ ಗಿಡ್ಡ ಕೂದಲು, ಉದ್ದನೆಯ ಕೋಟು ಬರೆದಿದ್ದೆ. ಮಾತು ಹೇಳದಿದ್ದರೆ ಚಿತ್ರವೂ ಹೇಳುತ್ತಿರಲಿಲ್ಲ.

ಗೌರವಕ್ಕೆ ಹಾಗೆ ಬರೆದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಊರಿಗೆ ಹೊಸಬರು, ಏಕವಚನದಲ್ಲಿ ಹೇಗೆ ಕರೆಯುವುದು, ಎಂದು. ಸುಳ್ಳು. ಗೌರವವೂ ಇರಲಿ, ಹೆಣ್ಣೆಂದೂ ತಿಳಿಯಲಿ ಎಂದರೆ ಕನ್ನಡದಲ್ಲಿ ‘ಆಕೆ’ ಇದೆ. ನಿನ್ನ ಅಮ್ಮ ದಿನಕ್ಕೆ ನೂರು ಸಲ ಆಡುವ ‘ಆಕಿ’ ಇದೆ. ಅದು ನನಗೆ ಅಂದೂ ಗೊತ್ತಿತ್ತು.

ಇನ್ನೊಂದೂ ಗೊತ್ತಿತ್ತು. ಕಾಕು ಗಂಡನ ಹೆಸರು ಹೇಳಿದ್ದನ್ನು ನಾವಿಬ್ಬರೂ ಎಂದೂ ಕೇಳಿಲ್ಲ. ‘ಅವ್ರಿಗೆ ಸೇರ್ತಿತ್ತು’, ‘ಅವ್ರು ಇದ್ದಾಗ’ — ಅಷ್ಟೇ. ಅವಳ ಕಿವಿಗೆ, ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ‘ಅವರು ಬಂದರಾ?’ ಎಂದು ಕೇಳಿದರೆ ಬರಬೇಕಾದವನು ಒಬ್ಬನೇ. ನಾನು ಜೋಗೆ ತೊಡಿಸಿದ್ದು ಮರ್ಯಾದೆಯ ಶಾಲಲ್ಲ, ಗಂಡನ ಅಂಗಿ.

ಯಾಕೆ ಎಂದು ಕೇಳುವೆ. ಕಾಕು ಜೋ ಹೆಣ್ಣೆಂದು ಓದಿದ್ದರೆ ಮರುಕ್ಷಣವೇ ಅದು ಇಲಿ ಎಂದು ಹಿಡಿಯುತ್ತಿದ್ದಳು. ಆಮೇಲೆ ಅಪ್ಪನಿಗೆ ಗೊತ್ತಾಗುತ್ತದೆ. ಗಲ್ಲಿಗೆ, ಮಠಕ್ಕೆ, ಪಿಂಡ ಹಾಕಿಸಲು ಬರುವವರಿಗೆ — ನಾನು ಅಷ್ಟು ದೂರದವರೆಗೆ ಲೆಕ್ಕ ಹಾಕಿದ್ದೆ. ನಿನ್ನ ಲೆಕ್ಕ ಒಂದನ್ನೇ ಹಾಕಲಿಲ್ಲ.

ಕಾಕು ನಾಲ್ಕು ಮಧ್ಯಾಹ್ನ ಓದಿದಳು. ರೊಟ್ಟಿಯ ಕೆಲಸ ಮುಗಿಸಿ, ಕೈ ತೊಳೆದು, ಕನ್ನಡಕ ಹಾಕಿ, ಆಟ ಹಾಕಿಕೊಟ್ಟಿದ್ದ ಫೋನನ್ನು ಗೋಡೆಗೆ ಒರಗಿಸಿ. ಹತ್ತಿರ ನಾನು. ನೀನು ಎದುರಿಗೆ ಕೂರಲಾರದೆ ಮೆಟ್ಟಿಲಲ್ಲಿ ಕೂತಿರುತ್ತಿದ್ದೆ. ಜೋ ಎಂದರೆ ಜೋಗುಳದ ಜೋ ಏನು ಎಂದು ಮೊದಲ ದಿನ ನಕ್ಕಳು. ಈ ಊರಿನಲ್ಲಿ ಜಗಳ ಮಾಡುವವರೇ ಇಲ್ಲವೇನು, ಹಾಗಾದರೆ ಬನಾರಸ್ಸಿನವರು ಹೋಗಿ ಕಲಿಸಬೇಕು ಎಂದಳು. ಮೇರಿ ಹಿಟ್ಟು ನಾದುವ ಚಿತ್ರ ನೋಡಿ, ಮೊಣಕೈ ಹಾಗಲ್ಲ ಹೀಗೆ ಬರಬೇಕು ಎಂದು ನಿನ್ನನ್ನು ಬೈದಳು. ಮೂರನೆಯ ದಿನದ ಹೊತ್ತಿಗೆ ಜೋ ಬರದ ದೃಶ್ಯ ಬಂದರೆ ಬೇಸರ. “ಅವ್ರು ಎಲ್ಲಿ ಹೋದ್ರು, ಮುಂದ ಒತ್ತು” ಎನ್ನುವಳು.

ನಾನು ಹೊರಗೆ ಬಂದಾಗ ಮೆಟ್ಟಿಲಲ್ಲಿ ನೀನು ನನ್ನ ಕೈ ಹಿಡಿದು ಪಿಸುಗುಟ್ಟಿದ್ದು ನನಗೆ ಇವತ್ತಿಗೂ ಕೇಳುತ್ತದೆ. “ಸುನಾ? ಅಮ್ಮ ಜೋಗೆ ‘ಅವ್ರು’ ಅಂತಾಳ. ಇಷ್ಟು ಮರ್ಯಾದಿ ಕೊಡ್ತಾಳ.” ಆಗಲೇ ಹೇಳಬಹುದಿತ್ತು. ಇನ್ನೂ ಏನೂ ಕೆಟ್ಟಿರಲಿಲ್ಲ —

ನಾಲ್ಕನೆಯ ದಿನ ಕಾಕು ‘ಉಳಿ’ ಒತ್ತಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಿನ್ನನ್ನು ಒಳಗೆ ಕರೆದಳು.

“ಎಂಥಾ ಛಲೋ ಜೀವ ಅದ. ಇಂಥವ್ರು ಸಿಕ್ಕರ ನಾ ಯಾಕ ಬ್ಯಾಡ ಅನ್ನಲಿ?”

ನೀನು ಅವಳ ಕಾಲ ಬಳಿ ಕೂತು ಮಡಿಲಲ್ಲಿ ಮುಖ ಹುದುಗಿಸಿದೆ. ಮಗಳು ತನ್ನ ಕೆಲಸ ಹೊಗಳಿಸಿಕೊಂಡು ನಾಚುತ್ತಿದ್ದಾಳೆ ಎಂದುಕೊಂಡು ಅವಳು ನಿನ್ನ ತಲೆ ಸವರಿದಳು. ನಿನಗೆ ಒಂದು ಜನ್ಮದ ಅಪ್ಪಣೆ ಸಿಕ್ಕಿತ್ತು. ಅವಳು ಒಬ್ಬ ಅಳಿಯನನ್ನು ಕಂಡಿದ್ದಳು. ಇಬ್ಬರ ನಡುವಿನ ಅಂತರ ಎಷ್ಟೆಂದು ಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. ನಾನು ನಕ್ಕೆ. ಹೌದು, ನಕ್ಕೆ.

ಎರಡು ತಿಂಗಳಿಗೆ ಕಲಬುರ್ಗಿಯಿಂದ ಆ ಸಂಬಂಧ ಬಂತು. ಹುಡುಗನ ಫೋಟೋ ಹಿಡಿದು ಕಾಕು ಸಂಭ್ರಮದಲ್ಲಿದ್ದಳು. ನೀನು ನನ್ನನ್ನು ಕೆಳಗಿನಿಂದ ಕರೆದುಕೊಂಡು ಹೋದೆ. ಧೈರ್ಯಕ್ಕೆ ಎಂದೆ. ಫೋಟೋವನ್ನು ಮಗುಚಿಟ್ಟು, ನನಗೆ ಹುಡುಗರು ಬೇಡ ಅಮ್ಮ, ನನಗೆ ಹುಡುಗಿ ಬೇಕು ಎಂದು ಹೇಳಿಯೇಬಿಟ್ಟೆ. ಯಾವ ಹುಡುಗಿ ಎಂದು ಹೇಳಲಿಲ್ಲ. ನನ್ನ ಕಡೆ ಕಣ್ಣು ಕೂಡ ಎತ್ತಲಿಲ್ಲ. ನಾನು ನಿನ್ನನ್ನು ಕಾಪಾಡಲಿಲ್ಲ. ನೀನು ನನ್ನನ್ನು ಕಾಪಾಡಿದೆ.

ಕಾಕು ಮೊದಲು ನಕ್ಕಳು. ಆಮೇಲೆ ಅವಳ ಮುಖ — ಅದನ್ನು ಬರೆಯಲಾರೆ. ಏನೇನೋ ಅಂದಳು. ನಿನ್ನ ಅಪ್ಪ ಇದ್ದಿದ್ದರೆ ಎಂದಳು. ಆಗ ನೀನು ಆ ಮಾತು ಹಿಡಿದು ನಿಂತೆ: “ನೀನ ಅಂದಿದ್ದೆಯಲ್ಲ ಅಮ್ಮಾ. ಆಟ ಓದಿ, ಯಾಕ ಬ್ಯಾಡ ಅನ್ನಲಿ ಅಂತ ನೀನ ಅಂದಿದ್ದೆಯಲ್ಲ.”

“ಆಟಾ ಬ್ಯಾರೆ, ಬಾಳೇ ಬ್ಯಾರೆ.”

ಅವಳು ಹೇಳಿದ್ದು ಇಷ್ಟೇ: ಕಥೆಯ ಗಂಡು ಹೆಣ್ಣಿಗೂ ನೀನು ಹೇಳುತ್ತಿರುವ ಈ ಮಾತಿಗೂ ಏನು ಸಂಬಂಧ? ನೀನು ಕೇಳಿದ್ದು: ಕಥೆಯಲ್ಲಾದರೆ ಒಪ್ಪುತ್ತೇನೆ, ನನ್ನ ಮನೆಯಲ್ಲಿ ಒಪ್ಪುವುದಿಲ್ಲ. ಒಂದೇ ವಾಕ್ಯ. ಅದರ ನಡುವಿನಲ್ಲಿ ಎಪ್ಪತ್ತೆಂಟು ಕಡೆ ನಾನು ಕೂತಿದ್ದೆ.

ನೀನು ಬಾಗಿಲಿನತ್ತ ತಿರುಗಿ ನನ್ನನ್ನು ಕೇಳಿದೆ. ಅಮ್ಮ ಓದಿದಾಗ ನೀನಿದ್ದೆಯಲ್ಲ ವಿಶು, ನೀನಾದರೂ ಹೇಳು ಎಂದೆ.

ನಾನು ಹೇಳಿದೆ: “ನಂಗೇನ್ ಗೊತ್ತು. ನಾ ಬರೇ ಕನ್ನಡ ಮಾಡಿದೆ.”

ಈ ಮಾತಿನ ಮುಂದೆ ನನ್ನ ಎಲ್ಲ ‘ಅವರು’ಗಳೂ ಸಣ್ಣವು. ಬರೆಯುವಾಗ ಹೆದರಿಕೆಯಿತ್ತು; ಯಾರಿಗೆ ಏನಾಗುತ್ತದೆ ಎಂದು ಪೂರ್ತಿ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಾಗ ಎಲ್ಲವೂ ಕಣ್ಣೆದುರಿಗಿತ್ತು. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ನೋಡುತ್ತಿದ್ದಿರಿ. ಇಬ್ಬರೂ ಸುಳ್ಳಾಡಿರಲಿಲ್ಲ. ಅದನ್ನು ಹೇಳಲು ನನಗೆ ಒಂದು ಉಸಿರು ಸಾಕಿತ್ತು, ಮತ್ತು ನಾನು — ಕೆಳಗಿಳಿದು ಹೋದೆ. ನನ್ನ ಅಮ್ಮ ಕೆಳಗಿನಿಂದ ಕೂಗಿದಳೆಂದು ನೆಪ ಹೇಳಿ.

ನೀನು ಕೋಲ್ಕತ್ತಾಕ್ಕೆ ಹೋಗಿ, ಅಲ್ಲೊಂದು ಕಡೆ ಬೇರೆಯವರ ಆಟಗಳಿಗೆ ಹಿನ್ನೆಲೆಯ ಚಿತ್ರ ಬರೆಯುವ ಕೆಲಸ ಹಿಡಿದೆ. ಸ್ಟೇಷನ್ನಿಗೆ ನಾನು ಬರಲಿಲ್ಲ. ಕ್ಲಿನಿಕ್ಕಿನಲ್ಲಿ ರಜೆ ಸಿಗಲಿಲ್ಲ ಎಂದೆ. ನಾನು ಕೇಳಿಯೇ ಇರಲಿಲ್ಲ. ನಿನ್ನ ಗಾಡಿ ಹೊರಟ ಹೊತ್ತಿಗೆ ಯಾರದೋ ರಕ್ತದೊತ್ತಡದ ಚೀಟಿ ಬರೆಯುತ್ತಿದ್ದೆ. ತಾರೀಖಿನ ಜಾಗದಲ್ಲಿ ನಿನ್ನ ಹೆಸರು ಬರೆದು ಹರಿದು ಹಾಕಿದೆ.

ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ, ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯಂದು, ನಾನು ಘಾಟಿನ ದೀಪಗಳ ಒಂದು ಫೋಟೋ ಕಳಿಸುತ್ತೇನೆ. ನೀನು ಒಂದು ಚಿತ್ರ ಕಳಿಸುತ್ತೀ, ಮಾತಿಲ್ಲ. ಹೋದ ಸಲದ್ದರಲ್ಲಿ ಟ್ರಾಮಿನ ಕಿಟಕಿ, ಮಳೆ, ಕಿಟಕಿಯ ಗಾಜಿನಲ್ಲಿ ಯಾರದೋ ಅರ್ಧ ಭುಜ. ಆ ಭುಜ ನಿನ್ನದೋ, ಬೇರೆಯವಳದೋ ಎಂದು ನಾನು ಅದನ್ನು ಎಷ್ಟು ದೊಡ್ಡದು ಮಾಡಿ ನೋಡಿದೆನೆಂದರೆ ಕೊನೆಗೆ ಬರೀ ಬೂದು ಚೌಕಗಳು ಉಳಿದವು. ಬೇರೆಯವಳದಾದರೆ ಒಳ್ಳೆಯದು ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಮದುವೆಯ ಕಾಲದಲ್ಲಿ ಆ ಬಿಳಿ ಕುದುರೆ ಎದುರಾಗುತ್ತದೆ. ಅದರ ಬೆನ್ನ ಮೇಲಿರುವವನನ್ನು ನಾನು ನೋಡುವುದಿಲ್ಲ. ನೀನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಪೆನ್ಸಿಲ್ ಬಾಯಲ್ಲಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ — ಆ ಜಾಗವನ್ನು ನೋಡುತ್ತೇನೆ. ಅಲ್ಲಿ ಈಗ ಡಿಜೆ ಗಾಡಿ ನಿಂತಿರುತ್ತದೆ. ಜನ ಕುಣಿಯುತ್ತಿರುತ್ತಾರೆ. ನಾನು ಬಳಸಿಕೊಂಡು ಹೋಗುತ್ತೇನೆ.

ಕಾಕುವಿಗೆ ನೀನು ಫೋನ್ ಮಾಡುವುದಿಲ್ಲ. ಅವಳೂ ಮಾಡುವುದಿಲ್ಲ. ನಿನ್ನ ಹೆಸರು ಅವಳ ಬಾಯಲ್ಲಿ ಬಂದದ್ದು ಹೋದ ತಿಂಗಳು, ನಾಲ್ಕು ವರ್ಷದ ಮೇಲೆ.

ಅವಳ ಹಳೆಯ ಫೋನು ಹಾಳಾಗಿ ಹೊಸದು ತಂದಿದ್ದಳು. ಹಳೆಯದರಲ್ಲಿದ್ದದ್ದನ್ನು ಇದಕ್ಕೆ ಹಾಕಿಕೊಡು ಎಂದು ಕರೆದಳು. ನಂಬರುಗಳು, ಮಠದ ಫೋಟೋಗಳು, ವಚನಗಳು ಎಲ್ಲ ಹಾಕಿದೆ. ಆಯಿತು ಕಾಕು ಎಂದೆ. ಅವಳು ಫೋನು ತಿರುಗಿಸಿ ತಿರುಗಿಸಿ ನೋಡಿದಳು.

“ಅನ್ನುದು ಆಟ ಎಲ್ಲಿ?”

ಅವಳು ಅದನ್ನು ಈ ನಾಲ್ಕು ವರ್ಷವೂ ಓದುತ್ತಿದ್ದಳಂತೆ. ದಿನಕ್ಕೆ ಸ್ವಲ್ಪ ಸ್ವಲ್ಪ. ಮುಗಿದರೆ ಮತ್ತೆ ಮೊದಲಿನಿಂದ. ಮಗಳ ಕೈಯದು ತನ್ನ ಹತ್ತಿರ ಉಳಿದದ್ದು ಅದೊಂದೇ ಎಂದಳು. ಆಮೇಲೆ, ತನಗೆ ತಾನೇ ಅನ್ನುವಂತೆ: “ಇಷ್ಟ್ ಛಲೋ ಗಂಡಸನ್ನ ಬರದಾಕಿ, ತನಗ ಗಂಡ ಬ್ಯಾಡಂತಾಳಲ್ಲ. ಎಲ್ಲಿ ತಪ್ಪಿದೆ ನಾ?”

ಆ ಪ್ರಶ್ನೆಯನ್ನು ಅವಳು ದಿನಾ ಕೇಳಿಕೊಂಡಿದ್ದಾಳೆ, ಅನ್ನು. ನಾನು ಬರೆದ ಪದದಲ್ಲಿ ತನ್ನ ತಪ್ಪು ಹುಡುಕಿದ್ದಾಳೆ.

ಅಲ್ಲಿಯೇ ಹೇಳಿದೆ. ನಿಂತಿದ್ದವಳು ಕೂತೆ, ಹೇಳಿದೆ. ಜೋ ಗಂಡಸಲ್ಲ ಕಾಕು, ಹೆಣ್ಣು. ಅನ್ನು ಹಾಗೇ ಬರೆದಿದ್ದಳು. ಅದನ್ನು ‘ಅವರು’ ಮಾಡಿದವಳು ನಾನು. ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಅನ್ನು ನಿನಗೆ ಹಾಗೆ ಮಾಡೆಂದು ಹೇಳಿದ್ದಳೇನು ಎಂದು ಕೇಳಿದಳು. ಇಲ್ಲ, ಅವಳಿಗೆ ಇವತ್ತಿಗೂ ಗೊತ್ತಿಲ್ಲ ಎಂದೆ. ಯಾಕೆ ಮಾಡಿದೆ ಎಂದು ಕೇಳಿದಳು. ಹೇಳದೆ ಇರಬಹುದಿತ್ತು — ಒಂದು ಕ್ಷಣ ಆ ದಾರಿಯೂ ಕಂಡಿತು.

“ಆ ಜೋ ನಾನು, ಕಾಕು.”

ಕಾಕು ರೊಟ್ಟಿಗೆ ತೆಗೆದಿಟ್ಟಿದ್ದ ಪರಾತದ ಹಿಟ್ಟನ್ನು ನೋಡಿದಳು. ನನ್ನನ್ನಲ್ಲ. ಬೈಯುತ್ತಾಳೆ, ಕೆಳಗೆ ಹೋಗಿ ಅಪ್ಪನಿಗೆ ಹೇಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

“ಹಂಗಾದ್ರ ಆಕಿ ನಾ ಹೂಂ ಅಂದೀನಿ ಅಂತ ನಂಬಿ ಬಂದಿದ್ಲೇನು ಅವತ್ತ?”

ಹೌದೆಂದೆ.

“ನಾ ಒಪ್ತಿದ್ದೆ ಅಂತ ಹೇಳಂಗಿಲ್ಲ. ಬೈತಿದ್ದೆ. ಬಾಯಿಗೆ ಬಂದಂಗ ಬೈತಿದ್ದೆ. ಆದ್ರ ಮಾತಿಗೆ ತಪ್ಪಿದಾಕಿ ಅಂತ ನನ್ನ ನೋಡ್ಕೋತ ಹೋಗ್ತಿದ್ದಿಲ್ಲ ಆಕಿ.” ಆಮೇಲೆ, ತಲೆ ಎತ್ತದೆಯೇ: “ಎದ್ದು ಹೋಗಿನ್ನ.”

ನಾನು ಎದ್ದು ಬಂದೆ. ಮರುದಿನ ಕ್ಲಿನಿಕ್ಕಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ಅನುವಾದವನ್ನು ತಿದ್ದಿದೆ, ಸಾಲಿನಿಂದ ಸಾಲಿಗೆ. ‘ಅವರು’ ಇದ್ದಲ್ಲೆಲ್ಲ ‘ಅವಳು’. ಕಮ್ಮಾರನ ‘ಏ ಹುಡುಗಿ’ಯನ್ನು ಮರಳಿಸಿದೆ. ಬ್ರೆಡ್ಡಿನ ಅಂಚನ್ನೂ. ಸಂಜೆ ಮೇಲೆ ಹೋಗಿ, ಬಾಗಿಲಲ್ಲೇ ನಿಂತು, ಇದು ಅನ್ನು ಬರೆದದ್ದು ಎಂದು ಹೇಳಿ ಫೋನಿಗೆ ಹಾಕಿ ಬಂದೆ. ಕಾಕು ಬೇಡ ಎನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಅಪ್ಪನಿಗೆ ಹೇಳುವುದು ನನ್ನ ಕೆಲಸ, ಅವಳದಲ್ಲ, ನಿನ್ನೆ ಹೇಳಿದೆ. ಅಪ್ಪ ನನ್ನೊಡನೆ ಮಾತಾಡುತ್ತಿಲ್ಲ. ಇದನ್ನು ನಿನ್ನ ಮರುಕಕ್ಕೆಂದು ಬರೆಯುತ್ತಿಲ್ಲ. ಯಾವುದಕ್ಕೆ ಹೆದರಿ ನಾನು ನಿನ್ನನ್ನು ಕಳೆದುಕೊಂಡೆನೋ ಅದು ಇಷ್ಟೇ ಇತ್ತು ಎಂದು ಹೇಳಲು ಬರೆದೆ. ಇಷ್ಟನ್ನು ನಾನು ಅಂದೇ ತಾಳಿಕೊಳ್ಳಬಹುದಿತ್ತು.

ನಿನ್ನಿಂದ ಕ್ಷಮೆ ಕೇಳುವುದಿಲ್ಲ. ಉತ್ತರವನ್ನೂ ಕೇಳುವುದಿಲ್ಲ. ಆದರೆ ನಾನು ಒಮ್ಮೆಯೂ ಹೇಳದ ಒಂದು ಮಾತಿದೆ. ‘ನಿನ್ನನ್ನು ಪ್ರೀತಿಸಿದೆ’ ಎಂದು ಬರೆದರೆ ಇಲ್ಲಿಯೂ ಅಡಗಿಕೊಳ್ಳಬಹುದು. ಕನ್ನಡ ಅದಕ್ಕೆ ಜಾಗ ಕೊಡುತ್ತದೆ. ಆದ್ದರಿಂದ ಹೀಗೆ ಬರೆಯುತ್ತೇನೆ: ನಾನು ನಿನ್ನನ್ನು ಪ್ರೀತಿಸಿದವಳು. ಈಗಲೂ ಪ್ರೀತಿಸುವವಳು.

ಇವತ್ತು ಬೆಳಿಗ್ಗೆ ಕಾಕು ಮೆಟ್ಟಿಲ ಮೇಲಿನಿಂದ ನನ್ನನ್ನು ಕರೆದಳು. ಇಲಿ ಎನ್ನಲಿಲ್ಲ, ವಿಶಾಲಾಕ್ಷಿ ಎಂದಳು. ಕನ್ನಡಕ ಕೈಯಲ್ಲಿತ್ತು. ಅನ್ನುಗೆ ಬರೆಯುತ್ತೀಯಾ ಎಂದು ಕೇಳಿದಳು. ಬರೆಯುತ್ತಿದ್ದೇನೆ ಎಂದೆ. ಹಾಗಾದರೆ ನನ್ನದೂ ಒಂದು ಮಾತು ಬರೆ, ಒಂದಕ್ಷರ ಆಚೀಚೆ ಮಾಡಬೇಡ ಎಂದಳು. ಅವಳು ಹೇಳುತ್ತ ಹೋದಂತೆ, ಅವಳ ಎದುರಿಗೇ, ಬರೆದುಕೊಂಡೆ:

“ನಾ ಓದಿದ್ದು ಬ್ಯಾರೆ ಇತ್ತು. ಈಗ ಮೊದಲಿಂದ ಓದಾಕತ್ತೀನಿ. ಅರ್ಧಕ್ಕ ಬಂದೀನಿ. ಮುಗಿಯೋತನಕ ತಡಿ.”